ಕಬ್ಬಿಣದ ಗಾಡಿಗೆ ಕೌದಿ

ಕಲ್ಯಾಣ
೨೦ ಆಗಸ್ಟ್ ೧೯೪೮

ನಮ್ಮ ಮನೆಯವರಿಗೆ ಅಂಬುಬಾಯಿಯ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಬರೆಯುವುದಿಲ್ಲ. ಪಂಚಮಿಗೆ ಬರುತ್ತೇನೆ ಎಂದವರು ಬರಲಿಲ್ಲ. ಬಂದದ್ದು ನಿಮ್ಮ ಚೀಟಿ, ಇನ್ನೂ ನಾಲ್ಕು ಕೌದಿ ಹೊಲಿದು ಕಳಿಸು ಎಂದು. ಹೋದ ತಿಂಗಳು ಕಳಿಸಿದವು ಎಲ್ಲಿ ಹೋದವು? ಹುಮನಾಬಾದಿನಲ್ಲಿ ಒಬ್ಬ ಕಮ್ಮಾರನಿಗೆ ಅಷ್ಟೊಂದು ಕೌದಿ ಬೇಕಾಗುವ ಚಳಿ ಶ್ರಾವಣದಲ್ಲಿ ಯಾವಾಗ ಶುರುವಾಯಿತು? ಕಬ್ಬಿನ ಗಾಣದ ರಿಪೇರಿ ಎಂದು ಹೇಳಿ ಹೋದಿರಿ. ಗಾಣಕ್ಕೆ ಹಾಸಿಗೆ ಯಾಕೆ?

ಅಲ್ಲೊಬ್ಬಳನ್ನು ಇಟ್ಟುಕೊಂಡಿದ್ದೀರಿ ಎಂದೇ ನಾನು ತಿಳಿದೆ. ಪಕ್ಕದ ಮನೆಯ ಗೆಳತಿ ಅಕ್ಬರಿಗೆ ಹೇಳಿದರೆ ಅವಳು ನಕ್ಕಳು. "ನಿನ್ನ ಗಂಡ ಇಕ್ಕಳ ಬಿಟ್ಟು ಬ್ಯಾರೆ ಏನೂ ಹಿಡಿಯೋ ಮನಷ್ಯಾ ಅಲ್ಲ ಬಿಡವಾ" ಅಂದಳು. ನಕ್ಕರೂ ತನ್ನ ತಮ್ಮ ಅಬ್ದುಲ್ ಕರೀಮನ ಎತ್ತಿನ ಗಾಡಿ ಹೂಡಿಸಿದಳು. ಸೋಮವಾರ ನಾವು ಹುಮನಾಬಾದಿಗೆ ಬಂದಿದ್ದೆವು. ನೀವು ನನ್ನನ್ನು ನೋಡಲಿಲ್ಲ, ನಾನು ನಿಮ್ಮನ್ನು ನೋಡಿದೆ.

ಹತ್ತಿ ಗಿರಣಿಯ ಹಿಂದಿನ ಆ ತಗಡಿನ ಶೆಡ್ಡಿನ ಸಂದಿಯಲ್ಲಿ ಕಣ್ಣಿಟ್ಟೆ. ಹೆಂಗಸು ಕಾಣಲಿಲ್ಲ. ಒಂದು ಲಾರಿ ನಿಂತಿತ್ತು. ಮೈತುಂಬ ದಪ್ಪ ಕಬ್ಬಿಣದ ಹಲಗೆ, ತಲೆಯ ಮೇಲೆ ಬಂದೂಕು ತೂರಿಸುವ ಗೂಡು. ತೆರೆದ ಬಾಗಿಲಿನ ಒಳಗೆ, ಕೂತವರ ಮೈಗೆ ಕಬ್ಬಿಣ ಬಡಿಯದಂತೆ, ಗೋಡೆಗೆಲ್ಲ ನನ್ನ ಕೌದಿ! ನನ್ನ ಮದುವೆಯ ಇಳಕಲ್ ಸೀರೆಯ ತುಂಡಿಗೆ ಮೊಳೆ ಹೊಡೆಯಲು ನಿಮಗೆ ಕೈಯಾದರೂ ಹೇಗೆ ಬಂತು? ಸವತಿ ಇಲ್ಲವಲ್ಲ ಎಂದು ಒಂದು ಗಳಿಗೆ ಸಮಾಧಾನವಾಯಿತು. ಆಮೇಲೆ ಸವತಿಯೇ ಇದ್ದಿದ್ದರೆ ಒಳ್ಳೆಯದಿತ್ತು ಅನಿಸಿತು.

ಸೊಲ್ಲಾಪುರದ ಕಡೆಯಿಂದ ಹಿಂದೂಸ್ತಾನದ ಫೌಜು ಬರುತ್ತದೆ ಎಂದು ಸಂತೆಯಲ್ಲೆಲ್ಲ ಮಾತು. ಅದನ್ನು ತಡೆಯಲು ಹೈದರಾಬಾದಿನವರು ಕಟ್ಟಿಸುತ್ತಿರುವ ಗಾಡಿ ಇದು, ಅಲ್ಲವೇ? ಇಂಥ ರಣಗಾಡಿ ವಿಲಾಯತಿಯಲ್ಲೂ ಇನ್ನೂ ಹುಟ್ಟಿಲ್ಲ ಎಂದು ನಿಮ್ಮ ಬಿಳಿ ಸಾಹೇಬ ಎದೆ ತಟ್ಟಿಕೊಳ್ಳುತ್ತಿದ್ದ. ಅವನೊಬ್ಬ, ಕಾಬೂಲಿನ ಡ್ರೈವರ್ ಒಬ್ಬ, ಬಂದೂಕಿನ ಅರಬನೊಬ್ಬ, ಹೈದರಾಬಾದಿನ ಮೇಸ್ತ್ರಿ ಅಜೀಮುದ್ದೀನ್, ನಡುವೆ ನೀವು. ದೇಶದೇಶದವರು ಕೂಡಿ ಮಾಡುವ ಕೆಲಸವಂತೆ. ಒಬ್ಬ ಬೆನ್ನು ತಿರುಗಿಸಿದರೆ ಇನ್ನೊಬ್ಬ ಅವನ ಚೀಲ ತಡಕುತ್ತಾನೆ!

ಯಾಕೆಂಬುದೂ ತಿಳಿಯಿತು. ಎಂಜಿನ್ನಿನ ತಂತಿಗಳನ್ನು ಯಾರೋ ಕಡಿದಿದ್ದಾರೆ, ಗಾಡಿ ಗುರ್ ಅನ್ನುತ್ತಿಲ್ಲ. ಸಾಹೇಬ ಡ್ರೈವರನನ್ನು ಬೈದ, ಡ್ರೈವರ್ ಅರಬನ ಕಡೆ ಬೆರಳು ಮಾಡಿದ, ಅರಬ ನಿಮ್ಮ ಕಡೆ. "ಗದ್ದಾರ ಯಾರಂತ ಗೊತ್ತಾದ ದಿನ ಗೋಲಿ ಹೊಡೀತೀನಿ" ಅಂದ ಅಜೀಮುದ್ದೀನ್, ನಿಮ್ಮನ್ನೇ ನೋಡುತ್ತ. ಮತ್ತೆ ನಿಮ್ಮತ್ತಲೇ ಕೈ ಮಾಡಿ, "ಈ ದರವಾಜಾ ತುಳಜಾರಾಮನ ಕೈಗಷ್ಟೇ ಬಗ್ಗತದ. ಜಂಗ್ ಶುರುವಾದ್ರ ಇವನೂ ಒಳಗ ಕೂಡಲಿ" ಅಂದ. ನೀವು "ಹೌದ್ರಿ" ಅಂದಿರಿ. ಮನೆಯಲ್ಲಿ ನನ್ನ ಒಂದು ಮಾತಿಗೂ ಹೌದು ಅನ್ನದವರು!

ನನಗೆ ಭಯವಾಗಿದೆ. ನೀವೇ ಒಳಗೆ ಕೂತರೆ ಹೊರಗಿನಿಂದ ಆ ಬಾಗಿಲು ತೆಗೆಯುವವರು ಯಾರು? ದಿನಾ ಕುಲುಮೆಯ ಮುಂದೆ ನಿಲ್ಲುವವರಿಗೆ ಗುಂಡಿನ ಬೆಂಕಿಗೆ ಕಬ್ಬಿಣ ಕಾದರೆ ಏನಾಗುತ್ತದೆಂದು ನಾನು ಹೇಳಿಕೊಡಬೇಕೇ?

ಒಂದು ಮಾತು ಗಮನವಿಟ್ಟು ಓದಿ. ಅಲ್ಲಿ ಕನ್ನಡ ಓದಬಲ್ಲವರು ನೀವೊಬ್ಬರೇ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಕೌದಿಯ ಕೊನೆಯ ಮೂಲೆಯೊಳಗೆ ಒಂದು ಚಿಟಿಕೆ ಜೋಳ ಇಟ್ಟು ಹೊಲಿಯಬೇಕೆಂದು ನಿಮ್ಮ ಅವ್ವನೇ ನನಗೆ ಕಲಿಸಿದ್ದು. ಖಾಲಿ ಮೂಲೆಯ ಕೌದಿ ಹೊದ್ದವರು ಹಸಿದು ಏಳುತ್ತಾರಂತೆ. ಸಂದಿಯಿಂದ ನೋಡಿದಾಗ ಆ ಮೂಲೆಗಳೆಲ್ಲ ಹರಿದಿದ್ದವು, ಕೆಳಗೆ ಜೋಳದ ಹೊಟ್ಟು, ಪಕ್ಕದಲ್ಲಿ ಇಲಿಯ ಹಿಕ್ಕೆ. ಜೋಳ ತಿಂದ ಇಲಿ ತಂತಿಯ ರುಚಿಯನ್ನೂ ನೋಡಿದೆ. ನಿಮ್ಮವರು ಒಬ್ಬರನ್ನೊಬ್ಬರು ನೋಡುವುದರಲ್ಲಿ ನೆಲ ನೋಡಲಿಲ್ಲ.

ಇವತ್ತೇ ಅಜೀಮುದ್ದೀನನಿಗೆ ಆ ಹಿಕ್ಕೆ ತೋರಿಸಿ. ನಿಮ್ಮ ತಲೆಯ ಮೇಲಿನ ದ್ರೋಹದ ಅಪವಾದ ಹೋಗಲಿ. ಜೋಳದ ಮಾತು ಮಾತ್ರ ಎತ್ತಬೇಡಿ. ಇಲಿಯನ್ನು ಯಾವ ದೇಶದವನೂ ಗದ್ದಾರ ಅನ್ನುವುದಿಲ್ಲ.

ಕೇಳಿದ ನಾಲ್ಕು ಕೌದಿ ಅಬ್ದುಲ್ ಕರೀಮನ ಕೈಯಲ್ಲಿ ಕಳಿಸಿದ್ದೇನೆ. ಎಂಜಿನ್ನಿನ ಪಕ್ಕದ ಗೋಡೆಗೇ ಹೊಡೆಯಿರಿ. ಮತ್ತೆ ಗಾಡಿ ಕೆಟ್ಟ ದಿನ, ಹೆಂಡತಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಹೇಳಿ ಮನೆಗೆ ಬಂದುಬಿಡಿ.

ನಿಮ್ಮ ದಾರಿ ಕಾಯುವ,
ಅಂಬುಬಾಯಿ

ತಾ.ಕ.: ಪಂಚಮಿಗೆ ನಿಮಗೆಂದು ಕಟ್ಟಿದ ಸೇಂಗಾ ಉಂಡಿ ಡಬ್ಬಿಯಲ್ಲೇ ಉಳಿದಿತ್ತು. ಕೆಟ್ಟು ಹೋಗಬಾರದಲ್ಲ, ಈ ಸಲ ಕೌದಿಯ ನಾಲ್ಕೂ ಮೂಲೆಗೆ ಅದನ್ನೇ ಪುಡಿ ಮಾಡಿ ತುಂಬಿದ್ದೇನೆ. ಜಾಡಿಸಬೇಡಿ.