ಎಡಗೈ ಕತ್ತರಿ

ಅಪ್ಪಾ,

ನೀನು ಬಿಟ್ಟುಹೋದ ಭಾರದ ಕತ್ತರಿಯಿಂದ ಬಟ್ಟೆ ಕತ್ತರಿಸಿ ಕತ್ತರಿಸಿ ನನ್ನ ಬಲಗೈ ಹೆಬ್ಬೆರಳು ಬಾತುಹೋಗಿದೆ. ನಿನ್ನೆ ಬೈಲಹೊಂಗಲದ ಅಂಗಡಿಯಲ್ಲಿ ಹಗುರವಾದದ್ದು ಕೇಳಿದೆ. ನಾನು ಎಡಗೈ ಚಾಚಿದ್ದನ್ನು ನೋಡಿ ಅಂಗಡಿಯವರು, "ಎಡಗೈಯವ್ರು ಅದೀರಿ, ಬಲಗೈ ಕತ್ರಿ ಜೋಡಿ ಯಾಕ ಗುದ್ದಾಡ್ತೀರಿ ಅಕ್ಕಾರ?" ಎಂದು ಎಡಗೈಯವರಿಗೆಂದೇ ಮಾಡಿದ ಕತ್ತರಿ ಕೊಟ್ಟರು. ಅಂಥದ್ದೊಂದು ಇರುತ್ತದೆಂದು ನಿನಗೆ ಗೊತ್ತಿರಲಿಲ್ಲವೇ, ಅಥವಾ ನೀನು ಕೇಳಲೇ ಇಲ್ಲವೇ? ಚಿಂದಿಯ ಮೇಲೆ ಓಡಿಸಿ ನೋಡಿದೆ, ಕೈಗೆ ನೋವೇ ಇಲ್ಲ. ನಿನ್ನ ಮೇಲಿನ ಸಿಟ್ಟಿಗೆ ಮೈಯೆಲ್ಲ ಉರಿಯಿತು. "ಮದುವಿ ಬಟ್ಟಿಗೆ ಎಡಗೈ ಹಚ್ಚಬ್ಯಾಡ" ಎಂದು ಅಳತೆಪಟ್ಟಿಯಿಂದ ಹೊಡೆಯುತ್ತಿದ್ದೆಯಲ್ಲ!

ಇವತ್ತು ಸಿರಸಂಗಿಯ ಮದುಮಗಳ ರವಿಕೆ ಬಟ್ಟೆ ಬಂತು. ಹೊಸ ಕತ್ತರಿ ಪಕ್ಕದಲ್ಲೇ ಇತ್ತು. ಬಾತ ಬಲಗೈಯಿಂದ ನಿನ್ನದನ್ನೇ ಎತ್ತಿಕೊಂಡು ಕತ್ತರಿಸಿದೆ.

ಎಡಗೈ ಬೇಡ ಎನ್ನಲು ಅಲ್ಲಿ ಯಾರೂ ಇರಲಿಲ್ಲ, ಅಪ್ಪಾ.