ಆರು ದೀಪ, ಐದು ಮಂದಿ

ಆಂಡರ್ಸನ್‌ಪೇಟೆ
ಮಂಗಳವಾರ, 20 ಸೆಪ್ಟೆಂಬರ್ 1994

ಗೆಳೆಯ ಪೆರುಮಾಳ್‌ಗೆ ಕೋದಂಡನ ನಮಸ್ಕಾರ.

ಭಾನುವಾರ ರಾಬರ್ಟ್‌ಸನ್‌ಪೇಟೆಯ ವಿಡಿಯೊ ಗೇಮ್ ಅಂಗಡಿಯಲ್ಲಿ ಮೆಷಿನ್ನಿಗೆ ಗುದ್ದಿ ನೀನು ಬಂಗಾರಪೇಟೆ ರೈಲು ಹತ್ತಿಬಿಟ್ಟೆ. ಅಂಗಡಿಯವನು ಹಿಡಿದುಕೊಂಡದ್ದು ನನ್ನನ್ನು. ‘ಸೋತೋರು ಗುದ್ದೋದು ನೋಡಿದ್ದೀನಿ, ಗೆದ್ದೋನು ಯಾಕ್ಲಾ ಗುದ್ದಿದ?’ ಅಂತ ಕೇಳಿದ.

ನಿನ್ನ ತಕರಾರು ಆಟದ ಕೊನೆಯ ಮೇಲೆ. ಯಾವುದೋ ಗ್ರಹದ ಗಣಿಗೆ ಆರು ಮಂದಿ ಇಳಿಯುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ದೀಪ. ಮೇಲೆ ಬಂದವನು ತನ್ನ ದೀಪವನ್ನು ಹಡಗಿನ ಗೋಡೆಗೆ ಸಿಕ್ಕಿಸಬೇಕು. ಆರೂ ಉರಿದರೆ ಮಾತ್ರ ಹಡಗು ಏಳುವುದು. ಕೊನೆಗೆ ಆರೂ ಉರಿಯುತ್ತವೆ, ಹಡಗು ಏಳುತ್ತದೆ, ಆದರೆ ಗುಂಡಿಯ ತಳದಲ್ಲಿ ಒಬ್ಬ ನಿಂತೇ ಇರುತ್ತಾನೆ. ‘ಆರು ದೀಪ ಬಂದ್ಮೇಲೆ ಆರು ಜನಾನೂ ಬಂದಂಗೇ. ಈ ಕತೆ ಕಟ್ಟಿದೋನಿಗೆ ತಲೆ ನೆಟ್ಟಗಿಲ್ಲ ಕಣ್ಲಾ’ ಅಂದೆ.

ನೀನು ಆಟದ ಮಾತು ಆಡುತ್ತಿರಲಿಲ್ಲ ಎಂದು ನನಗೆ ಗೊತ್ತು. ನಮ್ಮ ಚಿನ್ನದ ಗಣಿಯೊಳಗೆ ಬಂಡೆ ಸಿಡಿದ ದಿನ ನಿಮ್ಮಪ್ಪ ಕುಪ್ಪುಸ್ವಾಮಿಯವರ ನಂಬರಿನ ಹಿತ್ತಾಳೆ ಬಿಲ್ಲೆ ಗಣಿಬಾಯಿಯ ಹಲಗೆಯ ಮೊಳೆಯಲ್ಲಿತ್ತು. ಇಳಿಯುವಾಗ ತೆಗೆದುಕೊಂಡು ಹೋಗುವ ಬಿಲ್ಲೆ, ಹತ್ತಿ ಬಂದ ಮೇಲಷ್ಟೇ ಮೊಳೆಗೆ. ಅಂದರೆ ಅವರು ಮೇಲೆ ಬಂದಿದ್ದರು, ಮನೆಗೆ ಮಾತ್ರ ಬರಲಿಲ್ಲ. ಯಾವಳ ಜೊತೆಗೋ ಮದ್ರಾಸಿಗೆ ಓಡಿಹೋದ ಎಂದು ಊರು ಆಡಿಕೊಂಡಿತು. ಈಗ ಕದಿರಮ್ಮ ಮಹಾಲಯ ಅಮಾವಾಸ್ಯೆಗೆ ಅವರ ಹೆಸರಲ್ಲಿ ಎಡೆ ಇಡುತ್ತೇನೆಂದರೆ, ‘ಓಡೋದೋನಿಗೆ ಎಡೆನಾ?’ ಎಂದು ಹೆತ್ತವಳ ಮೇಲೆ ರೇಗುತ್ತೀಯ.

ನಿನ್ನೆ ಮತ್ತೆ ಹೋಗಿ ಆಡಿದೆ. ಅಪ್ಪನೂ ಜೊತೆಗಿದ್ದ. ನಮ್ಮಪ್ಪ ಶ್ರೀನಿವಾಸಪ್ಪ ನಿನಗೆ ಗೊತ್ತಲ್ಲ, ಮನೆಗೆ ಬಂದು ಅಂಗಿ ನೇತುಹಾಕಿದವನು ಪಕ್ಕದ ಖಾಲಿ ಮೊಳೆಯನ್ನೂ ಒಮ್ಮೆ ಮುಟ್ಟುವ ಆಸಾಮಿ. ಅದನ್ನು ಆಡಿಕೊಂಡು ನಾವು ಎಷ್ಟು ನಕ್ಕಿಲ್ಲ!

ಈ ಸಲ ನಿಧಾನವಾಗಿ ನೋಡಿದೆ. ಮೂರನೇ ಸುರಂಗದಲ್ಲಿ ಒಬ್ಬನಿಗೆ ಏಟು ಬೀಳುತ್ತದೆ. ಹಿಂದಿದ್ದವನು ಅವನನ್ನು ಏಣಿ ಹತ್ತಿಸಿ, ತನ್ನ ದೀಪವನ್ನೂ ಅವನ ಕೈಗೇ ಕೊಡುತ್ತಾನೆ. ಭಾನುವಾರ ಆ ಹೊತ್ತಿಗೆ ನಾನೂ ನೀನೂ ಕಲ್ಲುಗಳಿಗೆ ಗುಂಡು ಹೊಡೆಯುವುದರಲ್ಲೇ ಮುಳುಗಿದ್ದೆವು. ಹಡಗು ಎಣಿಸುವುದು ದೀಪಗಳನ್ನು, ಮನುಷ್ಯರನ್ನಲ್ಲ. ಆಟ ತನ್ನ ನಿಯಮವನ್ನು ಎಲ್ಲೂ ಮುರಿದಿಲ್ಲ, ಪೆರುಮಾಳ್. ಮುರಿದಿಲ್ಲವೆಂದೇ ನನಗೆ ಭಯವಾಯಿತು.

ಹಡಗು ಹೋದ ಮೇಲೂ ಅವನು ತಲೆ ಎತ್ತಿಕೊಂಡು ನಿಂತಿದ್ದ. ಪರದೆ ಕಪ್ಪಾದರೂ ಅಪ್ಪ ಅಲುಗಲಿಲ್ಲ. ‘ಬಾಪ್ಪಾ, ಓಗಾನ’ ಅಂದೆ. ‘ಅವ್ನು ಇನ್ನೂ ಅಲ್ಲೇ ಅವ್ನಲ್ಲಾ’ ಅಂದ.

ಎಡೆ ಇಡು. ಬಿಲ್ಲೆ ಬಂದರೆ ಆಳು ಬಂದ ಹಾಗಲ್ಲ. ಕದಿರಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನವನೇ ಆಗಿರಲು ಬಯಸುವ,
ಕೋದಂಡಪ್ಪ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಆ ಬಿಲ್ಲೆಯನ್ನು ತಂದು ಹಾಕಿದವರು ಯಾರು ಎಂದು ನೀನು ಕೇಳಿಯೇ ಕೇಳುತ್ತೀಯ. ನಿನ್ನೆ ರಾತ್ರಿ ಅಪ್ಪನೇ ಬಾಯಿಬಿಟ್ಟ. ಅವತ್ತು ಅವನಿಗೆ ಜ್ವರ, ಬೇಗ ಮೇಲಕ್ಕೆ ಹೊರಟಿದ್ದ. ‘ನಂದೂ ಆಕ್ಬುಡು ಸೀನಪ್ಪಾ, ಇಂದ್ಲೇ ಬತ್ತೀನಿ’ ಎಂದು ನಿಮ್ಮಪ್ಪ ಬಿಲ್ಲೆ ಕೊಟ್ಟರಂತೆ. ಅಪ್ಪ ಎರಡನ್ನೂ ಮೊಳೆಗೆ ಹಾಕಿ ಬಂದು ಮಲಗಿದ. ಬಿಲ್ಲೆ ಇತ್ತೆಂದು ಯಾರೂ ಹುಡುಕಲಿಲ್ಲ. ಜ್ವರ ಬಿಟ್ಟು ಎದ್ದಾಗ ಆ ಸುರಂಗವನ್ನು ಮುಚ್ಚಿಯಾಗಿತ್ತು. ಆಮೇಲೆ ಹೇಳುವ ಧೈರ್ಯ ಬರಲಿಲ್ಲ. ಅಮಾವಾಸ್ಯೆಗೆ ಅವನೂ ಬರುತ್ತಾನಂತೆ, ನೀನು ಬಾಗಿಲು ತೆಗೆಯುವುದಾದರೆ. ನಿನ್ನೆ ಮನೆಗೆ ಬಂದವನು ಅಂಗಿಯನ್ನು ಕೈಯಲ್ಲೇ ಹಿಡಿದುಕೊಂಡು ಕೂತುಬಿಟ್ಟ. ಎರಡು ಮೊಳೆಯೂ ಖಾಲಿ ಇದ್ದವು.