ಪಂಚಪಾತ್ರೆಯಲ್ಲಿ ರುಕ್ಕುವಿನ ಹಲ್ಲು

೧೪-೭-೧೯೬೧, ಶುಕ್ರವಾರ

ಮಡಿ ಕೆಟ್ಟದ್ದಕ್ಕೆ ಇನ್ನೂ ಬೇಸರವೇ ಆಗಿಲ್ಲ. ಅದೇ ಆಶ್ಚರ್ಯ.

ಬೆಳಿಗ್ಗೆ ಪೂಜೆಗೆ ಅಣಿ ಮಾಡುತ್ತಿದ್ದೆ. ಹಿತ್ತಲಲ್ಲಿ ಕೈಪಂಪಿನ ಹಿಡಿ ಮೇಲಕ್ಕೆ ಚಿಮ್ಮಿ ಮೊಮ್ಮಗಳು ರುಕ್ಕುವಿನ ಬಾಯಿಗೆ ಬಡಿಯಿತು. ಮುಂದಿನ ಹಲ್ಲು ಬೇರುಸಮೇತ ಕೆಳಗೆ ಬಿತ್ತು. "ಅಜ್ಜೀ, ವಲಿಕ್ಕುದು!" ತಮಿಳರ ನಡುವೆ ಬೆಳೆದವಳು, ನೋವಾದರೆ ಇವಳಿಗೆ ತಮಿಳೇ ಬರುವುದು. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಸೂರಿನ ಮೇಲೆ ಎಸೆಯುವುದು ನಮ್ಮ ರೂಢಿ. ನಾನು ಬುದ್ಧಿಗೇಡಿ, ಸಗಣಿ ಹುಡುಕಲು ಹೊರಟೆ.

ಮಹಡಿಯ ನರ್ಸು ಚಂದ್ರಮತಿ ಓಡಿ ಬಂದಳು. "ಬಿಸಾಡ್ಬೇಡಿ ಮಾರಾಯ್ರೆ! ಇದು ಹಾಲುಹಲ್ಲಲ್ಲ, ಮತ್ತೆ ಹುಟ್ಟುವುದಿಲ್ಲ. ಒಣಗ್ಲಿಕ್ಕೆ ಬಿಡ್ಬೇಡಿ, ಡಾಕ್ಟ್ರು ತಿರುಗಿ ಕೂರಿಸ್ತಾರೆ."

ಕೈಗೆ ಸಿಕ್ಕಿದ್ದು ದೇವರ ಪಂಚಪಾತ್ರೆ. ಎಂಜಲು ಹಲ್ಲನ್ನು ಆ ನೀರಿಗೇ ಹಾಕಿ, ಮಗುವನ್ನು ಅಪ್ಪಿಕೊಂಡು, ಒದ್ದೆ ಮಡಿಸೀರೆಯಲ್ಲೇ ರಿಕ್ಷಾ ಹತ್ತಿದೆ.

ಡಾಕ್ಟರು ಹಲ್ಲನ್ನು ಅದರ ಜಾಗಕ್ಕೆ ಒತ್ತಿ, ಪಕ್ಕದ ಹಲ್ಲುಗಳಿಗೆ ತಂತಿ ಕಟ್ಟಿದರು. ಗಟ್ಟಿಯಾಗುತ್ತದೋ ಇಲ್ಲವೋ ಮೂರು ವಾರ ಕಾಯಬೇಕಂತೆ. ರುಕ್ಕು ಅಷ್ಟು ಹೊತ್ತೂ ನನ್ನ ಹೆಬ್ಬೆರಳು ಬಿಡಲಿಲ್ಲ. ಇನ್ನೂ ನೋಯುತ್ತಿದೆ, ನೋಯಲಿ.

ಗಂಜಿ ಕುಡಿಯುತ್ತಾ ಕೇಳಿದಳು, "ಅಜ್ಜಿ, ಈಗ ನನ್ನ ಹಲ್ಲಿಗೂ ಮಡಿಯಾ?"

"ನನಗಿಂತ ಹೆಚ್ಚು ಮಡಿ ಕಣೇ. ದೇವರ ನೀರಲ್ಲಿ ಮಿಂದು ಬಂದಿದೆ."

"ಹಾಗಾದ್ರೆ ಚಕ್ಕುಲಿ ಕಡೀಬಹುದಾ?"

"ಏಟು ಬೀಳತ್ತೆ!"

ಪಂಚಪಾತ್ರೆಯನ್ನು ಹುಣಸೆಹಣ್ಣು ಹಾಕಿ ಬೆಳಗಿಟ್ಟಿದ್ದೇನೆ. ನಾಳೆ ಅದರಲ್ಲೇ ನೀರು ತುಂಬಿ ಕೇಳುತ್ತೇನೆ. ಕೃಷ್ಣಾ, ನಿನ್ನ ಪಾತ್ರೆಯಲ್ಲೇ ಕೊಂಡೊಯ್ದೆ, ಇನ್ನು ಆ ಹಲ್ಲು ನಿಲ್ಲುವ ಹಾಗೆ ನೀನೇ...

ಮಗು ನರಳಿತು. ನೋಡಿ ಬರಬೇಕು.